ಪುಣೆಯ ಕೇಳ್ಕರ್ ಮ್ಯೂಸಿಯಂ: ಅರ್ಧ ದಿನದಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು?

ಹಿಂಜವಡಿ_ಹಾಸನ
ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ನೋಡಿದವರು ಸ್ವಲ್ಪ ಹೇಳಿ. ಊರಿಂದ ಬರೋರಲ್ಲಿ ಅರವತ್ತು ದಾಟಿದವರೂ ಇದ್ದಾರೆ, ಮಕ್ಕಳೂ ಇದ್ದಾರೆ. ಎಷ್ಟು ಹೊತ್ತು ಬೇಕು, ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟರೂ ನಡೆಯತ್ತೆ? ನೆಟ್‌ನಲ್ಲಿ ಎಲ್ಲ ಕಡೆ "ಮಸ್ತಾನಿ ಮಹಲ್ ನೋಡಿ" ಅಂತ ಮಾತ್ರ ಬರೆದಿದ್ದಾರೆ.

ಧಾರವಾಡ_ಸದಾಶಿವಪೇಠ
ಮೊದಲ ಒಂದ್ ಲೆಕ್ಕ ತಿಳ್ಕೋರಿ. ಸಂಗ್ರಹದಾಗ ಸುಮಾರು 20,000 ಸಾಮಾನು ಅದಾವ. ಹೊರಗ ನೋಡಾಕ ಇಟ್ಟದ್ದು ಅದರಾಗ ಸುಮಾರು 2,500 ಅಷ್ಟ. ಅಷ್ಟನ್ನೂ ಒಂದೊಂದ ನಿಂತು ನೋಡ್ತೀವಿ ಅಂದ್ರ ಮೊದಲನೇ ಅಂತಸ್ತಿನಾಗ ಕಾಲು ಸೋತು, ಮೇಲಿಂದು ಓಡ್ಕೋತ ಮುಗಿಸ್ತೀರಿ. ಎಲ್ಲಾರೂ ಮಾಡೂದು ಅದನ್ನ. ಹಂಗ ಮಾಡಬ್ಯಾಡ್ರಿ. ನಾಲ್ಕೈದು ಜಾತಿ ಸಾಮಾನು ಆರಿಸ್ಕೋರಿ: ದೀಪ, ಅಡಕತ್ತರಿ, ಕೀಲಿ, ಬಾಗಿಲ, ವಾದ್ಯ. ಅವನ್ನ ಹತ್ತಿರದಿಂದ ನೋಡ್ರಿ, ಉಳಿದದ್ದನ್ನ ನಡಕೋತ ನೋಡ್ರಿ. ಎರಡೂವರಿ ತಾಸು ಸಾಕು.

ಬೆಳಿಗ್ಗೆ 10ಕ್ಕ ತೆಗೀತಾರ, ಆಗ ಹೋದ್ರ ಛಲೋ. ಹನ್ನೊಂದೂವರಿ ಆತಂದ್ರ ಶಾಲಿ ಹುಡುಗರ ಸಾಲು ಶುರು ಆಗ್ತದ. ಇಕ್ಕಟ್ಟಿನ ಕೋಣಿಯೊಳಗ ಒಂದ್ ಸಾಲು ಹೊಕ್ಕರ ನೀವು ಗ್ವಾಡಿಗೆ ಅಂಟ್ಕೊಂಡ ನಿಲ್ಲಬೇಕಾಗ್ತದ. ಕಟ್ಟಡ ಮೂರು ಅಂತಸ್ತಿನ ಹಳೇದು. ಮೊಣಕಾಲು ನೋವಿದ್ದವರಿಗೆ ಕೆಳಗಿಂದು ಸಾವಕಾಶ ತೋರಿಸ್ರಿ, ಮೆಟ್ಟಲಾ ಹತ್ತೂದು ಆಮ್ಯಾಲ ನೋಡ್ಕೊಂಡ್ರ ಆತು.

ಹಿತ್ತಾಳೆ_ಹಂಡೆ
ಮಸ್ತಾನಿ ಮಹಲ್ ಬಗ್ಗೆ ಒಂದು ಮಾತು. ಅದನ್ನು ನೋಡಬೇಡಿ ಅಂತಲ್ಲ, ಅದಕ್ಕೋಸ್ಕರ ಮಾತ್ರ ಹೋಗಬೇಡಿ ಅಂತ. ಮೊದಲನೇ ಬಾಜೀರಾವ್ ಪೇಶ್ವೆಯ ಮಡದಿ ಮಸ್ತಾನಿಯದು ಅದು; ಪುಣೆಯ ಕೊಥ್ರೂಡ್‌ನಲ್ಲಿ ಪಾಳು ಬಿದ್ದಿದ್ದ ಮಹಲಿನ ಭಾಗಗಳನ್ನು ತಂದು ಇಲ್ಲಿ ಒಂದು ಕೋಣೆಯಾಗಿ ಮತ್ತೆ ಜೋಡಿಸಿದ್ದಾರೆ. "ಮಹಲ್" ಅನ್ನೋ ಹೆಸರು ಕೇಳಿ ಅರಮನೆ ಕಲ್ಪಿಸಿಕೊಂಡು ಬಂದವರಿಗೆ ಇದೊಂದು ಹಜಾರ ಅಷ್ಟೇ ಅನ್ನಿಸತ್ತೆ. ಆದರೆ ಮರಗೆಲಸ ನೋಡೋರಿಗೆ ಅಲ್ಲಿ ಬೇಕಾದಷ್ಟಿದೆ. ಪೇಶ್ವೆ ಕಾಲದ ವಾಡೆಗಳಲ್ಲಿ ಬರೋ ಸುರು ಕಂಬ, ಅಂದರೆ ಬುಡದಲ್ಲಿ ಉಬ್ಬಿ ಮೇಲಕ್ಕೆ ಸಣ್ಣಗಾಗೋ ಸೈಪ್ರೆಸ್ ಮರದ ಆಕಾರದ ಕಂಬ, ಅವುಗಳ ನಡುವಿನ ಬಳುಕು ಕಮಾನು, ಇವನ್ನು ನೋಡಿ. ಕಮಾನು ಅಲ್ಲಿ ಭಾರ ಹೊರೋದಿಲ್ಲ. ಭಾರ ಹೊರೋದು ಮೇಲಿನ ತೊಲೆ. ಕಮಾನು ಕಂಬದಿಂದ ಕಂಬಕ್ಕೆ ಕೂಡಿಸಿದ ಹಲಗೆ. ಹಾಗಾಗಿಯೇ ಇಂಥ ಕೋಣೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟಲು ಆಗೋದು. ಕಲ್ಲಿನ ಕಮಾನು ಆಗಿದ್ದರೆ ಒಂದೊಂದು ಕಲ್ಲಿಗೂ ಅಂಕಿ ಬರೆದು ತರಬೇಕಿತ್ತು.

ಹಿಂಜವಡಿ_ಹಾಸನ
ಇದು ಉಪಯೋಗದ ಮಾಹಿತಿ ಸರ್. ಮ್ಯೂಸಿಯಂ ಹಿನ್ನೆಲೆ ಚಿಕ್ಕದಾಗಿ ಹೇಳಿದರೆ ಹಿರಿಯರಿಗೆ ಹೇಳಬಹುದು.

ಧಾರವಾಡ_ಸದಾಶಿವಪೇಠ
ದಿನಕರ ಗಂಗಾಧರ ಕೇಳ್ಕರ್ (1896–1990). ಮನೆತನದ ಕನ್ನಡಕದ ವ್ಯಾಪಾರ, ಮ್ಯಾಲೆ "ಅಜ್ಞಾತವಾಸಿ" ಹೆಸರಿನಿಂದ ಕವಿತಾ ಬರೀತಿದ್ರು. ಅವರ ಒಬ್ಬನೇ ಮಗ ರಾಜಾ ಸಣ್ಣ ವಯಸ್ಸಿನಾಗ ತೀರಿಹೋದ. ಮ್ಯೂಸಿಯಂ ಹೆಸರಿನಾಗಿನ "ರಾಜಾ" ಅವನ. ಅರಸ ಅಂತ ತಿಳ್ಕೊಂಡು "ಯಾವ ಸಂಸ್ಥಾನದ ರಾಜ" ಅಂತ ಕೇಳೋರು ಭಾಳ ಮಂದಿ. 1920ರ ಆಸುಪಾಸು ಕೂಡಿಸೂದು ಶುರು ಮಾಡಿ ಊರೂರು ತಿರುಗಿ ತಂದದ್ದು, ಹೆಂಡತಿ ಕಮಲಾಬಾಯಿಯವರ ಹೆಗಲೂ ಅದಕ್ಕ ಇತ್ತು. ಮುಂದ ಸಂಗ್ರಹವನ್ನ ಮಹಾರಾಷ್ಟ್ರ ಸರಕಾರಕ್ಕ ಕೊಟ್ರು. ಕೇಳ್ಕರ್ ಆರಿಸಿದ್ದು ಸಿಂಹಾಸನ, ಕಿರೀಟ ಅಲ್ಲ. ಮನಿಯಾಗ ದಿನಾ ಕೈಯಾಗ ಆಡಿದ ಸಾಮಾನು. ಇದು ತಿಳಿದ ಮ್ಯಾಲ ಒಳಗ ಹೋದ್ರ ನೋಡೂ ಕಣ್ಣ ಬ್ಯಾರೆ ಆಗ್ತದ.

ಹಿತ್ತಾಳೆ_ಹಂಡೆ
ಅಡಕತ್ತರಿಯಿಂದ ಶುರು ಮಾಡೋಣ, ನಮ್ಮವರಿಗೆ ಬೇಗ ಹತ್ತಿರ ಆಗೋದು ಅದೇ. ಗಿಳಿ, ಕುದುರೆ, ಗಂಡ-ಹೆಣ್ಣು ಜೋಡಿ ಹೀಗೆ ಆಕಾರಗಳು ತರಹೇವಾರಿ. ಎಲ್ಲರೂ ಆಕಾರದ ಫೋಟೊ ತೆಗೆದು ಮುಂದೆ ಹೋಗ್ತಾರೆ. ನೀವು ಮೂರು ಜಾಗ ನೋಡಿ.

ಕೀಲು ಒಂದು. ಅದು ತುದಿಯಲ್ಲಿರತ್ತೆ, ಅಡಕೆ ಕೀಲಿನ ಪಕ್ಕ, ಕೈ ಆ ಕಡೆ ತುದಿ. ಕೀಲಿನಿಂದ ಅಡಕೆಗೆ ಎರಡೂವರೆ ಸೆಂಟಿಮೀಟರ್, ಹಿಡಿಗೆ ಹದಿನೈದು ಅಂದುಕೊಳ್ಳಿ: ಕೈಯ ಒತ್ತಡ ಆರು ಪಟ್ಟಾಗಿ ಅಡಕೆ ಮೇಲೆ ಬೀಳತ್ತೆ. ಕೀಲು ಸಡಿಲ ಆಗಿದ್ದರೆ ಅಲಗು ಪಕ್ಕಕ್ಕೆ ಜರುಗತ್ತೆ, ಅಡಕೆ ಹೋಳಾಗದೆ ಪುಡಿ ಆಗತ್ತೆ. ಅಲಗು ಇನ್ನೊಂದು. ಮೈ ಹಿತ್ತಾಳೆ ಇದ್ದರೂ ಅಲಗು ಕಬ್ಬಿಣ ಅಥವಾ ಉಕ್ಕಿನದೇ. ಎರಡನ್ನೂ ರಿವೆಟ್ ಹೊಡೆದು ಸೇರಿಸಿರ್ತಾರೆ. ಮಳೆಗಾಲದಲ್ಲಿ ತುಕ್ಕು ಮೊದಲು ಹಿಡಿಯೋದು ಅದೇ ಸಂದಿಯಲ್ಲಿ. ಅಡಕೆ ಕೂರೋ ಜಾಗದಲ್ಲಿ ಅಲಗು ಸವೆದು ಒಳಕ್ಕೆ ಬಾಗಿದ್ದರೆ ಮತ್ತೆ ಮತ್ತೆ ಸಾಣೆ ಹಿಡಿಸಿ ಬಳಸಿದ್ದು ಅಂತ ಲೆಕ್ಕ. ಕೊನೆಗೆ ಹಿಡಿಯ ಒಳಬದಿ. ಅಂಗೈ ತಾಗೋ ಕಡೆ ಕೆತ್ತನೆ ನುಣ್ಣಗಾಗಿದ್ದರೆ ಅದು ದಿನಾ ಬಳಸಿದ ಸಾಮಾನು. ಗಿಳಿಯ ಕೊಕ್ಕು, ಕಣ್ಣು ಎಲ್ಲಾ ಚೂಪಾಗೇ ಉಳಿದಿದ್ದರೆ ಬೀಗರಿಗೆ ತೋರಿಸೋಕೆ ಇಟ್ಟಿದ್ದು.

ಮಂಗಳೂರು_ಮಾಟುಂಗಾ
ಸರಿ ಹೇಳಿದ್ರಿ ಮಾರಾಯ್ರೆ. ಪಕ್ಕದಲ್ಲೇ ಎಲೆ-ಅಡಕೆ ಡಬ್ಬಿಗಳೂ ಉಂಟು, ಅದರಲ್ಲಿ ಸುಣ್ಣದ ಡಬ್ಬಿಯನ್ನು ಬೇರೆಯಾಗಿ ನೋಡಿ. ಸುಣ್ಣಕ್ಕೆ ಮುಚ್ಚಳ ಗಟ್ಟಿಯಾಗಿ ಕೂರಬೇಕು, ಇಲ್ಲದಿದ್ರೆ ಒಣಗಿ ಗಚ್ಚಾಗ್ತದೆ. ಎಷ್ಟೋ ಡಬ್ಬಿಗಳಲ್ಲಿ ಸುಣ್ಣ ತೆಗೆಯೋ ಚಿಕ್ಕ ಸೌಟಿಗೂ ಸರಪಣಿ ಇರ್ತದೆ, ಕಳೆದುಹೋಗಬಾರದು ಅಂತ. ಮಕ್ಕಳಿಗೆ "ಈ ಸರಪಣಿ ಯಾಕೆ?" ಅಂತ ಕೇಳಿ, ಉತ್ತರ ಅವರೇ ಹೇಳ್ತಾರೆ.

ಹಿಂಜವಡಿ_ಹಾಸನ
ಮಕ್ಕಳಿಗೆ ಹಿಡಿಸೋದು ಇನ್ನೇನಿದೆ?

ಹಿತ್ತಾಳೆ_ಹಂಡೆ
ವಜ್ರಿ. ಸ್ನಾನದಲ್ಲಿ ಹಿಮ್ಮಡಿ ಉಜ್ಜೋ ಲೋಹದ ಸಾಮಾನು. ಮೇಲೆ ಪ್ರಾಣಿ, ಪಕ್ಷಿ ಕೂತಿರತ್ತೆ, ಕೆಳಗೆ ಅರದ ಹಾಗೆ ಗೀರುಗೀರು. ಕೆಲವಕ್ಕೆ ಹೊಟ್ಟೆ ಟೊಳ್ಳು, ಒಳಗೆ ಹರಳು, ಉಜ್ಜಿದರೆ ಗಿಲಿಗಿಲಿ ಅನ್ನತ್ತೆ. ತೊಂದರೆ ಏನಂದರೆ ಪ್ರದರ್ಶನದಲ್ಲಿ ಮೇಲಿನ ನವಿಲು ಕಾಣತ್ತೆ, ಕೆಲಸ ಮಾಡೋ ತಳ ಕಾಣಲ್ಲ. ಮಕ್ಕಳನ್ನು ಬಗ್ಗಿಸಿ ಪಕ್ಕದಿಂದ ನೋಡಿಸಿ.

ಕೀಲಿಗಳೂ ಹಿಡಿಸತ್ತೆ. ಹಳೆ ಬೀಗಗಳಲ್ಲಿ ಒಂದು ಜಾತಿ ಬೀಗದ ಕೈ ತಿರುಗಿಸೋದೇ ಇಲ್ಲ, ಒಳಗೆ ತಳ್ಳೋದು. ಕೊಂಡಿಗೆ ಎರಡು ಪಕ್ಕ ಬಾಣದ ರೆಕ್ಕೆ ಥರ ಸ್ಪ್ರಿಂಗ್ ಪಟ್ಟಿ. ಬೀಗದೊಳಗೆ ಹೋದಾಗ ಅಗಲಿಸಿಕೊಂಡು ಹಿಡಿಯತ್ತೆ. ಬೀಗದ ಕೈಯ ತೂತು ಆ ರೆಕ್ಕೆಗಳನ್ನು ಒತ್ತಿ ಮಡಚತ್ತೆ, ಕೊಂಡಿ ಹೊರಗೆ ಬರತ್ತೆ. ಇನ್ನೊಂದು ಜಾತಿಯಲ್ಲಿ ಬೀಗದ ಕೈಗೆ ಸ್ಕ್ರೂ ಮರೆ, ಅಂದರೆ ಸುರುಳಿ ಗೀರು; ತಿರುಗಿಸುತ್ತಾ ಹೋದಂತೆ ಕೊಂಡಿಯನ್ನು ಎಳೆಯತ್ತೆ. ಮೊದಲನೇದರಲ್ಲಿ ಕೆಡೋದು ಸ್ಪ್ರಿಂಗ್, ಹದ ಹೋಗಿ ರೆಕ್ಕೆ ಮಡಚಿಯೇ ಉಳಿದರೆ ಬೀಗ ಹಾಕಿದರೂ ಎಳೆದರೆ ಬರತ್ತೆ. ಎರಡನೇದರಲ್ಲಿ ಸವೆಯೋದು ಮರೆ. ಬೀಗದ ಕೈ ಜೊತೆಗೆ ಇಟ್ಟಿದ್ದರೆ ಅದರ ತುದಿ ನೋಡಿ ಯಾವ ಜಾತಿ ಅಂತ ಹೇಳಬಹುದು.

ಬೆಳಗಾವಿ_ಬಾಣೇರ್
ದೀಪದ ಬಗ್ಗೆ ಯಾರೂ ಹೇಳಲಿಲ್ಲಲಾ? ತೂಗುದೀಪದಾಗ ಕೆಲವಕ್ಕ ಮ್ಯಾಲೆ ಹಕ್ಕಿ ಇರ್ತದ. ಚಂದಕ್ಕ ಇಟ್ಟದ್ದಲ್ಲ, ಅದು ಎಣ್ಣಿ ಟಾಕಿ. ತನ್ನಷ್ಟಕ್ಕ ತಾನ ಎಣ್ಣಿ ಇಳಿಸ್ತದ ಅಂತಾರ. ಅದು ಹೆಂಗ ಅಂತ ತಿಳಿದವರು ಬರೀರಿ.

ಹಿತ್ತಾಳೆ_ಹಂಡೆ
ಹಕ್ಕಿಯ ಹೊಟ್ಟೆ ಗಾಳಿ ಆಡದ ಹಾಗೆ ಮುಚ್ಚಿದ ಪಾತ್ರೆ. ಎಣ್ಣೆ ಹೊಯ್ಯೋ ತೂತಿಗೆ ಬಿಗಿ ಬಿರಡೆ. ಕೆಳಗೆ ಒಂದೇ ಸಣ್ಣ ತೂತು, ಅದು ದೀಪದ ಬಟ್ಟಲಿನ ಎಣ್ಣೆಯಲ್ಲಿ ಮುಳುಗಿರತ್ತೆ. ಬತ್ತಿ ಎಣ್ಣೆ ಕುಡಿದು ಮಟ್ಟ ತೂತಿಗಿಂತ ಕೆಳಗೆ ಇಳಿದಾಗ ಒಂದು ಗುಳ್ಳೆ ಗಾಳಿ ಒಳಗೆ ಹೋಗತ್ತೆ, ಅಷ್ಟೇ ಎಣ್ಣೆ ಹೊರಗೆ ಬರತ್ತೆ. ಮಟ್ಟ ಏರಿ ತೂತು ಮುಚ್ಚಿತು ಅಂದರೆ ಗಾಳಿ ಬಂದ್, ಎಣ್ಣೆ ಬಂದ್. ಆಫೀಸಿನ ನೀರಿನ ಕ್ಯಾನ್ ಗುಳುಗುಳು ಅನ್ನೋದೂ ಇದೇ ಲೆಕ್ಕ.

ಕೆಡೋದು ಎರಡು ರೀತಿ. ಹಕ್ಕಿಯ ಮೈಯಲ್ಲಿ ಸೂಜಿ ಮೊನೆಯಷ್ಟು ಬಿರುಕು ಬಿಟ್ಟರೂ ಮೇಲಿಂದ ಗಾಳಿ ನುಗ್ಗಿ ಎಣ್ಣೆಯೆಲ್ಲ ಒಟ್ಟಿಗೆ ಇಳಿದು ಬಟ್ಟಲು ತುಂಬಿ ಹರಿಯತ್ತೆ. ಅದಕ್ಕೇ ಹಳೇ ದೀಪಗಳಲ್ಲಿ ಹಕ್ಕಿಯ ಕತ್ತು, ರೆಕ್ಕೆ ಸಂದಿಯಲ್ಲಿ ಬೆಸುಗೆ ತೇಪೆ ಕಾಣೋದು. ಇಲ್ಲವಾದರೆ ಹಳೆ ಎಣ್ಣೆ ಅಂಟಾಗಿ ತೂತು ಕಟ್ಟಿಕೊಳ್ಳತ್ತೆ, ಆಗ ಹೊಟ್ಟೆ ತುಂಬ ಎಣ್ಣೆ ಇದ್ದರೂ ದೀಪ ಆರತ್ತೆ. ಹರಳೆಣ್ಣೆ ಮಂದ, ಅದಕ್ಕೆ ತೂತು ಸ್ವಲ್ಪ ದೊಡ್ಡದೇ ಬೇಕು.

ಬೆಳಗಾವಿ_ಬಾಣೇರ್
ಭಾರಿ ಆತು. ಇನ್ನೊಂದ ಪ್ರಶ್ನೆ: ಮೇಣದ ಅಚ್ಚಿನ ಎರಕ ಯಾವುದು, ಮರಳಿನ ಅಚ್ಚಿಂದು ಯಾವುದು ಅಂತ ಗಾಜಿನ ಹೊರಗಿಂದ ತಿಳೀತದೇನ್ರಿ?

ಹಿತ್ತಾಳೆ_ಹಂಡೆ
ಸುಮಾರಾಗಿ ತಿಳಿಯತ್ತೆ. ಮರಳಿನ ಅಚ್ಚು ಎರಡು ಹೋಳಾಗಿ ಕೂಡೋದರಿಂದ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಉಳಿಯತ್ತೆ; ಅರದಲ್ಲಿ ತಿಕ್ಕಿದ್ದರೂ ಕಾಲು, ಬಾಲದ ಸಂದಿಯಲ್ಲಿ ಸಿಗತ್ತೆ. ಮೇಣದ್ದರಲ್ಲಿ ಆ ಗೆರೆ ಇರಲ್ಲ, ಮರಳಿನಚ್ಚಿಗೆ ಕಷ್ಟವಾಗೋ ಒಳತಿರುವುಗಳು ಇರತ್ತೆ, ಮತ್ತು ಅಚ್ಚು ಒಡೆಯೋದರಿಂದ ಅದೇ ಅಳತೆಯ ತದ್ರೂಪು ಇನ್ನೊಂದು ಸಿಗಲ್ಲ. ಒಂದೇ ಥರದ ಎರಡು ಗೊಂಬೆ ಪಕ್ಕಪಕ್ಕ ಇದ್ದರೆ ಹೋಲಿಸಿ ನೋಡಿ.

ಬಿದರಿ ಹುಕ್ಕಾ ಬುಡವೋ ಪಾನದಾನವೋ ಎದುರಾದರೆ ನಮ್ಮ ಬೀದರ್ ಅಂತ ಹೇಳೋದನ್ನು ಮರೀಬೇಡಿ. ಅದು ಹಿತ್ತಾಳೆ ಅಲ್ಲ, ಕಂಚೂ ಅಲ್ಲ. ಸತುವಿಗೆ ಸ್ವಲ್ಪ ತಾಮ್ರ, ಸುಮಾರು ಹದಿನಾರಕ್ಕೆ ಒಂದು. ಬೆಳ್ಳಿ ಕೂರಿಸಿ ಆದ ಮೇಲೆ ಬೀದರ್ ಕೋಟೆ ಮಣ್ಣು ಮತ್ತು ನವಸಾಗರದ ಬಿಸಿ ನೀರಲ್ಲಿ ಅದ್ದಿದರೆ ಸತು ಮಿಶ್ರಣ ಕಪ್ಪಾಗತ್ತೆ, ಬೆಳ್ಳಿ ಹಾಗೇ ಉಳಿಯತ್ತೆ.

ತಂತಿ_ತುಂಬುರ
ವಾದ್ಯದ ಕೋಣೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ತಂಬೂರಿ, ಸಿತಾರ್ ಮುಂದೆ ನಿಂತಾಗ ಕುದುರೆ ನೋಡಿ, ಅಂದರೆ ತಂತಿ ಹಾಯೋ ಆ ಚಪ್ಪಟೆ ತುಂಡು. ಅದರ ಮೇಲ್ಮೈ ಮಟ್ಟಸ ಅಲ್ಲ, ಮುಂದಕ್ಕೆ ಕೂದಲೆಳೆಯಷ್ಟು ಇಳಿಜಾರು. ತಂತಿ ಆ ಇಳಿಜಾರಿಗೆ ತಾಗಿ ತಾಗಿ ಬಿಡೋದರಿಂದ ಝೇಂಕಾರ ಹುಟ್ಟತ್ತೆ. ತಂಬೂರಿಯಲ್ಲಿ ತಂತಿ ಕೆಳಗೆ ಜೀವಾಳಿ ದಾರ ಸರಿಸಿ ತಾಗೋ ಜಾಗ ಹೊಂದಿಸ್ತಾರೆ. ಬಳಸಿ ಬಳಸಿ ಕುದುರೆಯಲ್ಲಿ ಗೀರು ಬಿದ್ದರೆ ಝೇಂಕಾರ ಸತ್ತು ದನಿ ಮೊಂಡಾಗತ್ತೆ. ಮತ್ತೆ ಅರ ಹಾಕಿ ಇಳಿಜಾರು ಕೊಡಬೇಕು. ಹಳೆ ವಾದ್ಯಗಳ ಕುದುರೆ ಎತ್ತರ ಕಡಿಮೆ ಆಗಿರೋದಕ್ಕೆ ಇದೂ ಒಂದು ಕಾರಣ.

ತಂತಿ ಸಡಿಲ ಬಿಟ್ಟಿದ್ದರೆ "ನೋಡಿಕೊಳ್ಳೋರಿಲ್ಲ" ಅನ್ನಬೇಡಿ. ನುಡಿಸದ ವಾದ್ಯಕ್ಕೆ ವರ್ಷಗಟ್ಟಲೆ ಬಿಗಿ ಇಟ್ಟರೆ ದಂಡಿ ಬಾಗತ್ತೆ, ತಬಲಿ ಅಂದರೆ ಬುರುಡೆ ಮುಚ್ಚಿರೋ ಹಲಗೆ ಕುಸಿಯತ್ತೆ. ಬುರುಡೆ ಸೋರೆಕಾಯಿ ಜಾತಿಯದು, ಹುಳ ಬೀಳೋದು ಅಲ್ಲಿ. ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಕಂಡರೆ ಅದೇ. ಇನ್ನೊಂದು, ತಂಬೂರಿ-ಸಿತಾರ್ ಆಸಕ್ತಿ ಇದ್ದೋರು ಊರಿಗೆ ಹೋಗೋ ದಾರಿಯಲ್ಲಿ ಮಿರಜ್ ಇಳೀಬಹುದು. ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ.

ಹಿಂಜವಡಿ_ಹಾಸನ
ಒಳಗೆ ಬೆಳಕು ಬಹಳ ಮಂದ ಅಂತ ಹಲವರು ದೂರಿದ್ದಾರೆ. ಟಾರ್ಚ್ ತಗೊಂಡು ಹೋಗಬಹುದಾ?

ಮಂಗಳೂರು_ಮಾಟುಂಗಾ
ಬೇಡ. ಬಟ್ಟೆ, ಕಾಗದ, ಚಿತ್ರ ಇರುವಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು ಅಂತ ಮ್ಯೂಸಿಯಂ ಲೋಕದಲ್ಲಿ ರೂಢಿ. ಸಾಮಾನ್ಯ ಆಫೀಸಿನಲ್ಲಿ ಇರುವುದು 300ರಿಂದ 500. ಬಣ್ಣ ಮಾಸುವುದು ಬೆಳಕು ಎಷ್ಟು ಮತ್ತು ಎಷ್ಟು ಹೊತ್ತು, ಈ ಎರಡರ ಗುಣಾಕಾರದಿಂದ. ಒಮ್ಮೆ ಮಾಸಿದ್ದು ಹಿಂದೆ ಬರುವುದಿಲ್ಲ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಹೊಂದಿಕೊಳ್ಳಲು ಐದ್ಹತ್ತು ನಿಮಿಷ ಬೇಕು, ಆದ್ದರಿಂದ ಚಿತ್ರಗಳನ್ನು ಮೊದಲಿಗೇ ನೋಡಬೇಡಿ. ಹಾಗಂತ ಮಂದ ಬೆಳಕೆಲ್ಲ ಸಂರಕ್ಷಣೆಗೇ ಅಂತ ಅಲ್ಲ. ಹಿತ್ತಾಳೆ ಪಾತ್ರೆಗೆ ಬೆಳಕಿನಿಂದ ಏನೂ ಆಗುವುದಿಲ್ಲ, ಅಲ್ಲೂ ಕತ್ತಲಿದ್ದರೆ ಅದು ಬಲ್ಬಿನ ಕಥೆ. ಫೋಟೊ ತೆಗೆಯಲು ಏನು ನಿಯಮ, ಶುಲ್ಕ ಎಷ್ಟು ಅಂತ ಟಿಕೆಟ್ ಕಿಟಕಿಯಲ್ಲೇ ಕೇಳಿಕೊಳ್ಳಿ. ಫ್ಲಾಶ್ ಅಂತೂ ಬೇಡ, ಗಾಜಿನಲ್ಲಿ ನಿಮ್ಮ ಮುಖವೇ ಬರ್ತದೆ.

ಧಾರವಾಡ_ಸದಾಶಿವಪೇಠ
ಚಿತ್ರ ಅಂದಕೂಡ್ಲೇ ನೆನಪಾತು. ಚಿತ್ರಕಥಿ ಚಿತ್ರಗಳನ್ನ ನೋಡದ ಬರಬ್ಯಾಡ್ರಿ. ರಾಮಾಯಣ, ಮಹಾಭಾರತದ ಕಥಿ ಹೇಳೋರು ಒಂದೊಂದ ಹಾಳಿ ಎತ್ತಿ ತೋರಿಸ್ಕೋತ ಹಾಡ್ತಿದ್ರು. ಎರಡು ಹಾಳಿ ಬೆನ್ನಿಗೆ ಬೆನ್ನು ಅಂಟಿಸಿರ್ತಾರ, ಎರಡೂ ಕಡೆ ಚಿತ್ರ. ಮುಖ ಪಕ್ಕಕ್ಕ, ಕಣ್ಣು ಮಾತ್ರ ದೊಡ್ಡದು, ಇಡಿಯಾಗಿ ನಮ್ಮ ಕಡೆ. ನಮ್ಮ ಕಡೆ ತೊಗಲು ಗೊಂಬಿ ನೋಡಿದವರಿಗೆ ಆ ಕಣ್ಣು ಎಲ್ಲೋ ನೋಡೇವಲಾ ಅನಸ್ತದ. ಹಾಳಿಯ ಕೆಳಗಿನ ಅಂಚು ನೋಡ್ರಿ: ಹೆಬ್ಬಟ್ಟು ಹಿಡಿದ ಕಡೆ ಬಣ್ಣ ಅಳಿಸಿ ಕರ್ರಗಾಗಿದ್ರ ಆಟದಾಗ ತಿರುಗಿದ ಪ್ರತಿ.

ಕೊಂಢವಾ_ಕಾರವಾರ
ಹೆಂಗಸರ ಸಾಮಾನು ಯಾರೂ ಎತ್ತಲೇ ಇಲ್ಲ. ಕುಂಕುಮದ ಕರಡಿಗೆ ಮತ್ತು ಕನ್ನಡಿ ಪೆಟ್ಟಿಗೆ ನೋಡಿ. ಪೆಟ್ಟಿಗೆ ಮುಚ್ಚಳದ ಒಳಗೆ ಕನ್ನಡಿ, ಎತ್ತಿ ಓರೆಯಾಗಿ ನಿಲ್ಲಿಸಿದರೆ ನೆಲದ ಮೇಲೆ ಕೂತವರ ಮುಖದ ಮಟ್ಟಕ್ಕೆ ಬರೋ ಹಾಗೆ ಅಳತೆ. ಕೆಳಗೆ ಬಾಚಣಿಗೆಗೆ ಒಂದು ಗೂಡು, ಕುಂಕುಮಕ್ಕೆ ಒಂದು, ಮೇಣಕ್ಕೆ ಒಂದು. ಮೊದಲು ಮೇಣದ ಬೊಟ್ಟು, ಅದರ ಮೇಲೆ ಪುಡಿ ಕುಂಕುಮ, ಬೆವರಿದರೂ ಇಳೀತಿರಲಿಲ್ಲ. ಅಡುಗೆ ಸಾಮಾನಲ್ಲಿ ಶ್ಯಾವಿಗೆ ಒತ್ತೋ ಮಣೆ, ತುರಿಯೋ ಮಣೆ, ಮಗುವಿಗೆ ಹಾಲು ಕುಡಿಸೋ ಒಳಲೆ ಎಲ್ಲ ನೋಡಿದ ಕೂಡಲೇ ಹಿರಿಯರೇ ಗೈಡ್ ಆಗ್ತಾರೆ, ಅವರಿಗೆ ಫಲಕ ಬೇಕಾಗಿಲ್ಲ. ಫಲಕಗಳೂ ಅಷ್ಟಕ್ಕಷ್ಟೇ: ಹೆಸರು, ಕಾಲ, ಊರು, ಮುಗೀತು. ಯಾವುದಕ್ಕೆ ಬಳಸ್ತಿದ್ರು ಅನ್ನೋದೇ ಇರಲ್ಲ. ಇದೊಂದು ಕೊರತೆ ಅಂತ ಹೇಳಲೇಬೇಕು.

ಬೆಳಗಾವಿ_ಬಾಣೇರ್
ಮನಿಯಾಗ ಅಜ್ಜಿ ಕಾಲದ ದೀಪ, ತಂಬಿಗಿ ಇದ್ದವರಿಗೆ ಉಪಯೋಗ ಆಗೂ ಪ್ರಶ್ನೆ. ಮ್ಯೂಸಿಯಂನಾಗ ಹಿತ್ತಾಳಿ ಫಳಫಳ ಅನ್ನೂದಿಲ್ಲ, ಕಂದು ಕಂದು ಇರ್ತದ. ಯಾಕ ತಿಕ್ಕೂದಿಲ್ಲ?

ಹಿತ್ತಾಳೆ_ಹಂಡೆ
ತಿಕ್ಕಿದಾಗಲೆಲ್ಲ ಲೋಹದ ಒಂದು ಪದರ ಹೋಗತ್ತೆ, ಮೊದಲು ಹೋಗೋದು ಸಣ್ಣ ಕೆತ್ತನೆ. ಆ ಕಂದು ಪದರ ಕೊಳೆ ಅಲ್ಲ, ಲೋಹದ ಮೇಲೆ ಕೂತ ರಕ್ಷಣೆ.

ಹುಣಸೆಹಣ್ಣು-ಉಪ್ಪು, ನಿಂಬೆ-ಉಪ್ಪಲ್ಲಿ ತಿಕ್ಕೋದರಲ್ಲಿ ನಿಜವಾದ ಕಳ್ಳ ಉಪ್ಪು. ಕೆತ್ತನೆ ಸಂದಿಯಲ್ಲಿ ಉಳಿದ ಉಪ್ಪಿನ ಕ್ಲೋರೈಡು ಮಳೆಗಾಲದ ತೇವಕ್ಕೆ ಎದ್ದು ತಿಳಿಹಸಿರು ಪುಡಿ ಕಿಲುಬು ಬರಿಸತ್ತೆ. ಒರೆಸಿದರೆ ಮತ್ತೆ ಬರತ್ತೆ, ಪ್ರತಿಸಲ ಒಂದು ಚುಕ್ಕೆ ಗುಳಿ ಬಿಟ್ಟು ಹೋಗತ್ತೆ. ಅಮೋನಿಯಾ ಇರೋ ಪಾಲಿಶ್ ಕೂಡ ಬೇಡ, ಬಡಿದು ಮಾಡಿದ ಹಿತ್ತಾಳೆಗೆ ಅದು ಬಿರುಕು ತರಬಹುದು.

ಬಳಸದೆ ಇಟ್ಟ ಸಾಮಾನಿಗೆ ಹೀಗೆ ಮಾಡಿ: ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಜಿಡ್ಡಿದ್ದರೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ನಾಲ್ಕೈದು ಹನಿ ಸೌಮ್ಯ ದ್ರವ ಸೋಪು, ಅದರಲ್ಲಿ ತೊಳೆದು, ಬರೀ ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ಜಾಲಿಸಿ. ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಸಂದಿಗಳನ್ನು ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಒಂದು ಜಾತಿ ಮೇಣ) ತೆಳ್ಳಗೆ ಸವರಿ ಹತ್ತು ನಿಮಿಷ ಬಿಟ್ಟು ಉಜ್ಜಿ. ದಪ್ಪಗೆ ಹಚ್ಚಿದರೆ ಧೂಳು ಅಂಟತ್ತೆ. ದಿನಾ ಹಚ್ಚೋ ದೇವರ ದೀಪಕ್ಕೆ ಇದೆಲ್ಲ ಬೇಡ, ಹುಣಸೆಹಣ್ಣಲ್ಲೇ ತಿಕ್ಕಿ. ಉಪ್ಪು ಮಾತ್ರ ಬಿಡಿ, ಚೆನ್ನಾಗಿ ತೊಳೆಯಿರಿ.

ಒಳಗೆ ಕಲಾಯಿ ಇರೋ ಪಾತ್ರೆಯನ್ನು ಬರಿದಾಗಿ ಒಲೆ ಮೇಲೆ ಇಡಬೇಡಿ. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೇ ಕರಗತ್ತೆ.

ಮಂಗಳೂರು_ಮಾಟುಂಗಾ
ಮ್ಯೂಸಿಯಂ ನೋಡಿ ಬಂದವರಿಗೆ ಜುನಾ ಬಜಾರ್, ಅಂದ್ರೆ ಹಳೆ ಸಾಮಾನಿನ ಸಂತೆಯ ಹುಚ್ಚು ಹಿಡೀತದೆ, ಅದಕ್ಕೊಂದು ಎಚ್ಚರಿಕೆ. ಪುಣೆಯಲ್ಲಿ ಅದು ಬುಧವಾರ, ಭಾನುವಾರ ಕೂಡುವುದು. ಹೊಸ ಹಿತ್ತಾಳೆಗೆ ರಾಸಾಯನಿಕ ಹಚ್ಚಿ ಕಪ್ಪು ಬರಿಸಿ "ಪೇಶ್ವೆ ಕಾಲದ್ದು" ಅಂತ ಮಾರುವುದು ಮಾಮೂಲು. ಸವೆತ ಎಲ್ಲಿ ಬಿದ್ದಿದೆ ನೋಡಿ: ಕೈ ತಾಗುವಲ್ಲಿ ಬಿದ್ದಿದ್ದರೆ ನಂಬಬಹುದು, ಎಲ್ಲಾ ಕಡೆ ಒಂದೇ ಸಮ ಇದ್ದರೆ ಅನುಮಾನ ಪಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ಪ್ರಾಚ್ಯವಸ್ತು, ಹಸ್ತಪ್ರತಿಗೆ 75 ವರ್ಷ. ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದ ಮಗನಿಗೆ ಅಂತ ಹಳೆ ಗೊಂಬೆ ಕೊಂಡು ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ.

ಮುಂಬೈಗೆ ಬರುವವರಿದ್ದರೆ ಭಾಯಖಳಾದ (ಬೈಕುಲ್ಲಾ) ಭಾವೂ ದಾಜಿ ಲಾಡ್ ಮ್ಯೂಸಿಯಂ ಹೋಲಿಸಿ ನೋಡಿ. 1872ರಲ್ಲಿ ತೆರೆದದ್ದು, ಅಲ್ಲಿ ಕಟ್ಟಡವೇ ಮೊದಲ ವಸ್ತು, ಒಳಗೆ ಎರಕದ ಕಬ್ಬಿಣದ ಕಂಬಗಳು. ಬುಧವಾರ ರಜೆ, ದುರಸ್ತಿಗೆ ಮುಚ್ಚುವುದೂ ಉಂಟು, ಹೊರಡುವ ಮೊದಲು ವಿಚಾರಿಸಿ.

ಮಡಗಾಂವ್_ಮಾವಿನಕಾಯಿ
ಗೋವಾ ಕಡೆ ಬಂದರೆ ಬಾಣಾವಲಿಯ ಗೋವಾ ಚಿತ್ರ ಮ್ಯೂಸಿಯಂ ನೋಡಿ. ಅಲ್ಲಿ ನೇಗಿಲು, ಗಾಣ, ಬಂಡಿ. ಕೇಳ್ಕರ್ ಅವರದ್ದು ಮನೆಯ ಒಳಗಿನ ಸಾಮಾನಾದರೆ ಇದು ಹೊಲ-ಹಿತ್ತಲಿನದು.

ಹಿಂಜವಡಿ_ಹಾಸನ
ಎಲ್ಲರಿಗೂ ಧನ್ಯವಾದ. ಕಾರಲ್ಲಿ ಹೋದರೆ ಪಾರ್ಕಿಂಗ್ ಸಿಗತ್ತಾ? ಅದೇ ದಿನ ಇನ್ನೇನಾದರೂ ಸೇರಿಸಬಹುದಾ?

ಧಾರವಾಡ_ಸದಾಶಿವಪೇಠ
ಕಾರು ಮರತುಬಿಡ್ರಿ. ಪೇಠಿನೊಳಗಿನ ರಸ್ತಾ ಎಲ್ಲಾ ಒನ್‌ವೇ, ಒಂದ್ ತಿರುವು ತಪ್ಪಿದ್ರ ಮತ್ತ ದೊಡ್ಡ ಸುತ್ತ. ಮೆಟ್ರೋದಾಗ ಮಂಡಈ ಸ್ಟೇಶನ್ನಿಗೆ ಇಳೀರಿ, ಅಲ್ಲಿಂದ ನಡಕೋತ ಹೋಗಬಹುದು. ಹಿರಿಯರಿಗೆ ರಿಕ್ಷಾ ಮಾಡ್ರಿ. ಮೊದಲು ಮ್ಯೂಸಿಯಂ, ಆಮ್ಯಾಲ ಊಟ, ಆಮ್ಯಾಲ ಅದ ಬಾಜೀರಾವ್ ರಸ್ತಾದ ವಿಶ್ರಾಮಬಾಗ್ ವಾಡಾ. ಎರಡನೇ ಬಾಜೀರಾವ್ ಕಟ್ಟಿಸಿದ್ದು. ಒಳಗ ಕೆಲಸ ನಡದು ಬಿಡಲಿಲ್ಲಂದ್ರೂ ರಸ್ತಾದಿಂದ ಅದರ ಕಟ್ಟಿಗಿ ಮುಂಭಾಗ ನೋಡ್ರಿ. ಮ್ಯೂಸಿಯಂನಾಗ ಬಿಚ್ಚಿ ಜೋಡಿಸಿದ ಸುರು ಕಂಬ ಇಲ್ಲಿ ತನ್ನ ಜಾಗಾದಾಗ ನಿಂತಾವ.

ಗಣಪತಿ ಹಬ್ಬದಾಗ ಮಾತ್ರ ಈ ಕಾರ್ಯಕ್ರಮ ಇಟ್ಕೋಬ್ಯಾಡ್ರಿ. ಸಂಜಿಮುಂದ ಪೇಠಿನ ರಸ್ತಾ ಬಂದ್ ಮಾಡ್ತಾರ, ವಿಸರ್ಜನಾ ದಿನಾ ಅಂತೂ ಹೋಗಬ್ಯಾಡ್ರಿ.